ಗಿಲ್ಬರ್ಟ್ ಅಂಕಲ್ ಬಿಡಿಸಿದ ಏಸು

ಲಿಫ್ಟಿನ ಕನ್ನಡಿಯೆದುರು ನಿಂತು, ಅಂಗೈಯಿಂದ ಮೊದಲು ಮುಖದ ಬಲ ಅರ್ಧವನ್ನು, ಆಮೇಲೆ ಎಡ ಅರ್ಧವನ್ನು ಮುಚ್ಚಿ ತಮ್ಮನ್ನೇ ಪರೀಕ್ಷಿಸಿಕೊಳ್ಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ಗಲ್ಫಿನ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಗಿಲ್ಬರ್ಟ್ ಅಂಕಲ್. ಮಂಗಳೂರಿನವರು. ಜಬಲ್ ಅಲಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಕೈಗೆ ಕುಂಚ ಸಿಕ್ಕಿದರೆ ಊಟ ಮರೆಯುವ ಜಾತಿ.

ಚರ್ಚಿನಲ್ಲಿ ಪಾದ್ರಿಗಳು ಪ್ರಾಚೀನ ಏಸು ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದ ದಿನದಿಂದ ಅವರಿಗೆ ಹುಚ್ಚು ಹಿಡಿಯಿತು.

"ಮೊದಮೊದಲು ಏಸುವಿಗೆ ಗಡ್ಡವೇ ಇರ್ಲಿಲ್ಲ ಮಾರಾಯ! ಕುರಿ ಹೊತ್ತ ಹುಡುಗನ ಹಾಗೆ ಬಿಡಿಸ್ತಿದ್ರು. ಗಡ್ಡ, ಉದ್ದ ಕೂದಲು ಎಲ್ಲ ಆಮೇಲೆ ಬಂದದ್ದು. ಸೀನಾಯ್ ಬೆಟ್ಟದ ಮಠದಲ್ಲಿ ಒಂದು ಚಿತ್ರ ಉಂಟು. ಬಲಬದಿ ದಯೆ, ಎಡಬದಿ ಗದರಿಕೆ. ಒಂದೇ ಮುಖ! ನಾನೂ ಹಾಗೇ ಬಿಡಿಸ್ತೇನೆ."

ಕ್ರಿಸ್‌ಮಸ್ಸಿಗೆ ಚರ್ಚಿನ ಹಾಲಿನಲ್ಲಿ ಇಡುತ್ತೇನೆಂದು ಪಾದ್ರಿಗಳಿಗೆ ಮಾತನ್ನೂ ಕೊಟ್ಟುಬಿಟ್ಟರು. ಮಾಡೆಲ್ ಬೇಕಿತ್ತು, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಒಂದು ಬದಿಯಲ್ಲಿ ನಕ್ಕು ಇನ್ನೊಂದು ಬದಿಯಲ್ಲಿ ಸಿಟ್ಟಾಗಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ ಅಂಕಲ್ಲೇ ಕೈಚೆಲ್ಲಿದರು.

"ಖಲಾಸ್, ಏಳು. ನಿನ್ನ ಎರಡೂ ಬದಿಯಲ್ಲಿ ಹಸಿವು ಮಾತ್ರ ಕಾಣ್ತದೆ."

ಆಮೇಲೆ ತಾವೇ ಕನ್ನಡಿ ಮುಂದೆ ಅಭ್ಯಾಸಕ್ಕೆ ಕೂತರು. ಒಂದು ಮಧ್ಯಾಹ್ನ ಹಿಲ್ಡಾ ಆಂಟಿ ನಮ್ಮ ಬಾಗಿಲು ಬಡಿದರು. "ಬೇಗ ಬಾ, ಇವ್ರ ಬಾಯಿ ವಾರೆ ಆಗಿದೆ!" ಪಾರ್ಶ್ವವಾಯು ಎಂದೇ ತಿಳಿದು ನಾವಿಬ್ಬರೂ ಅವರನ್ನು ಕಾರಿಗೆ ತುಂಬಿದೆವು. ಆಸ್ಪತ್ರೆಯಲ್ಲಿ ಡಾಕ್ಟರು, "ಸ್ವಲ್ಪ ನಗಿ" ಎಂದರು. ಅಂಕಲ್ ಹೆಮ್ಮೆಯಿಂದ ಬಲಬದಿಯಲ್ಲಿ ಮಾತ್ರ ನಕ್ಕರು. ತಕ್ಷಣ ಸ್ಕ್ಯಾನಿಗೆ ಒಯ್ದರು. ಯಂತ್ರದೊಳಗೆ ಹೋಗುವಾಗಲೂ ಅವರು ನರ್ಸಿಗೆ ಸೀನಾಯ್ ಬೆಟ್ಟದ ಕತೆ ಹೇಳುತ್ತಿದ್ದರು. ರೋಗವಲ್ಲ, ಏಸುವಿನ ಅಭ್ಯಾಸ ಎಂದು ತಿಳಿದ ಆಂಟಿ ಮನೆ ತಲುಪಿದೊಡನೆ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟರು.

ಚಿತ್ರ ಮುಗಿಯಿತು. ಆದರೆ ಹಾಲಿನಲ್ಲಿಟ್ಟ ದಿನವೇ ಇಬ್ಬರು ಮಕ್ಕಳು ಅದರ ಎಡಗಣ್ಣಿಗೆ ಹೆದರಿ ಅತ್ತರು. ಪಾದ್ರಿಗಳು ಸಂಕೋಚದಿಂದ, "ಮನೆಯಲ್ಲೇ ಚೆಂದ ಕಾಣ್ತದೆ ಗಿಲ್ಬರ್ಟ್" ಎಂದು ವಾಪಸು ಕಳಿಸಿದರು. ಅಂಕಲ್ ವಾರವಿಡೀ ಬಣ್ಣ ಮುಟ್ಟಲಿಲ್ಲ. ಆಂಟಿ ಚಿತ್ರವನ್ನು ಫ್ರಿಜ್ಜಿನ ಪಕ್ಕ ನೇತುಹಾಕಿದರು. ಅಂಕಲ್ಲಿಗೆ ಸಕ್ಕರೆ ಕಾಯಿಲೆ.

"ಹಲ್ವಕ್ಕೆ ಕೈ ಹಾಕಿದರೆ ಆ ಎಡಗಣ್ಣು ನೋಡ್ತದೆ ಮಾರಾಯ," ಎಂದು ನನ್ನಲ್ಲಿ ದೂರಿದರು. ಅವರ ಸಕ್ಕರೆ ಇಳಿಯಿತು.

ನಿವೃತ್ತಿಯಾಗಿ ವೀಸಾ ರದ್ದಾದಾಗ ಇಬ್ಬರೂ ಊರಿಗೆ ಹೊರಟರು. ಸಾಮಾನು ಕಟ್ಟಲು ನಾನು ಹೋಗಿದ್ದೆ. ಎಷ್ಟು ಒತ್ತಿದರೂ ಪೆಟ್ಟಿಗೆ ಮುಚ್ಚಲಿಲ್ಲ.

"ಆ ಚಿತ್ರ ಇಲ್ಲೇ ಬಿಡುವ ಹಿಲ್ಡಾ. ಯಾರಿಗೆ ಬೇಕು?" ಎಂದರು ಅಂಕಲ್.

ಆಂಟಿ ಪೆಟ್ಟಿಗೆಯಿಂದ ತಮ್ಮ ರೇಷ್ಮೆ ಸೀರೆಗಳನ್ನು ತೆಗೆದು ನನ್ನ ಕೈಗಿಟ್ಟರು. "ನಿನ್ನ ಹೆಂಡತಿಗೆ ಕೊಡು. ಸೀರೆ ಊರಲ್ಲೂ ಸಿಗ್ತದೆ. ಇವ್ರು ಬಿಡಿಸಿದ ಏಸು ಸಿಗುದಿಲ್ಲ."

ಅಂಕಲ್ ನಮಗೆ ಬೆನ್ನು ಮಾಡಿ, ಆಗಲೇ ಕಟ್ಟಿ ಮುಗಿಸಿದ್ದ ಇನ್ನೊಂದು ಪೆಟ್ಟಿಗೆಯ ಹಗ್ಗವನ್ನು ಮತ್ತೆ ಬಿಚ್ಚಿ ಕಟ್ಟತೊಡಗಿದರು.