ಗೋರ್ವಾದ ಅಗಾಸಿಯ ಮೇಲೆ ಒಂದು ಎಡೆ

ವಡೋದರಾದಲ್ಲಿ ನನ್ನ ಮೊದಲ ಮಳೆಗಾಲ. ಆಕಾಶ ಕಪ್ಪಾಗಿದ್ದ ಒಂದು ಬೆಳಿಗ್ಗೆ ಹಾಸ್ಟೆಲ್ಲಿನಲ್ಲಿ ಮುಸುಕೆಳೆದು ಮಲಗಿಯೇ ಇದ್ದೆ. ಕುಮಟಾದಲ್ಲಾದರೆ ಇಂಥ ಮಳೆಗೆ ಕಾಲೇಜಿಗೆ ರಜೆ. ಅಪ್ಪ ಚಹಾ ಹಿಡಿದು ಟಿವಿಯ ಮುಂದೆ ಕಾಯುತ್ತಿದ್ದರು; ಜಿಲ್ಲಾಧಿಕಾರಿ ರಜೆ ಘೋಷಿಸಿದ ಕೂಡಲೇ, "ಮಲ್ಕೋ ಮಗಾ, ಇವತ್ತು ನಿಂದೇ ರಾಜ್ಯ!" ಎಂದು ಕೂಗುತ್ತಿದ್ದರು.

ಮಧ್ಯಾಹ್ನ ನನ್ನ ಸಹಪಾಠಿ ಹೇತಲ್ ತೊಯ್ದು ತೊಪ್ಪೆಯಾಗಿ ಬಂದಳು. ಪ್ರಾಕ್ಟಿಕಲ್ ಮುಗಿದೇ ಹೋಗಿತ್ತು.

"ಮಳೆ ಅಲ್ವಾ?" ಎಂದೆ.

"ಮಳೆ ಬಂದರೆ ನಮ್ಮ ಜನ ಬೀದಿಗೆ ಬರ್ತಾರೆ. ನೀನೇನು ಉಪ್ಪಿನ ಗೊಂಬೆಯಾ, ಕರಗೋಕೆ?"

ಸಂಜೆ ಇಡೀ ತರಗತಿ ನೆನೆಯುತ್ತಲೇ ಅಲ್ಕಾಪುರಿಯಲ್ಲಿ ಭಜಿಯಾ ತಿಂದಿತು. ಬೇಸಿಗೆಯಿಡೀ ಬೆಂದ ಊರಿಗೆ ಮಳೆ ಹಬ್ಬ. ನನಗೆ ಹಾಗಲ್ಲ. ಅಪ್ಪ ಹೋದದ್ದು ಹಿಂದಿನ ಶ್ರಾವಣದಲ್ಲಿ, ಇಲಿಜ್ವರದಿಂದ. ಕ್ರಿಯೆಯ ದಿನ ಅಂಗಳದಲ್ಲಿಟ್ಟ ಎಡೆಯನ್ನು ಕಾಗೆ ಮುಟ್ಟಲೇ ಇಲ್ಲ. ಸತ್ತವರ ಆಸೆ ಉಳಿದಿದ್ದರೆ ಹೀಗಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ. ಕೊನೆಗೆ ಚಿಕ್ಕಪ್ಪ ಮಳೆಯಲ್ಲೇ ಕೈ ಮುಗಿದು, "ಅಣ್ಣಾ, ಮಗಳನ್ನು ಎಷ್ಟು ದೂರ ಆದರೂ ಓದಿಸ್ತೇವೆ" ಎಂದರು. ತೆಂಗಿನ ಮರದಿಂದ ಕಾಗೆ ಇಳಿಯಿತು. ಆ ಮಾತಿನ ಮೇಲೆಯೇ ನಾನು ಇಷ್ಟು ದೂರ ಬಂದದ್ದು.

ಹಾಗಾಗಿ ಅವರ ವರ್ಷದ ತಿಥಿಗೆ ಊರಿನಲ್ಲಿ ಇರಲೇಬೇಕಿತ್ತು. ನಾನು ಒಬ್ಬಳೇ ಮಗಳು. ಕ್ರಿಯೆ ಚಿಕ್ಕಪ್ಪನದು, ನಾನು ಪಕ್ಕದಲ್ಲಿ ನಿಲ್ಲಬೇಕು, ಅಷ್ಟೆ. ರಜೆಯೂ ಸಿಕ್ಕಿತ್ತು, ಟಿಕೇಟೂ ಆಗಿತ್ತು. ಹೊರಡುವ ದಿನ ಅಮ್ಮನ ಫೋನು: "ಹಳಿ ಮೇಲೆ ಗುಡ್ಡ ಜರಿದಿದೆಯಂತೆ ಮಗಾ. ರೈಲು ಬರೂದಿಲ್ಲ. ಬಸ್ಸು ಹತ್ತಬೇಡ, ಘಾಟಿನಲ್ಲೂ ಮಣ್ಣು ಕುಸೀತಿದೆ."

ಇಲ್ಲಿ ಕಿಟಕಿಯಾಚೆ ಒಂದು ದಿಬ್ಬವೂ ಇಲ್ಲ. ಚೊಕ್ಕ ಬಿಸಿಲು. ಚೀಲ ತುಂಬಿಯೇ ಇತ್ತು.

ಹೇತಲ್ ಹೆಚ್ಚು ಕೇಳಲಿಲ್ಲ. ತಿಥಿಯ ದಿನ ಗೋರ್ವಾ ಬಡಾವಣೆಯ ತನ್ನ ಮನೆಗೆ ಕರೆದೊಯ್ದಳು. ಅವಳ ತಾಯಿಯನ್ನು ನಾನು ಮಾಸಿ ಎನ್ನುತ್ತೇನೆ. ಅವರು ಅನ್ನ ಮಾಡಿ, ಹಾಲನ್ನು ಅಕ್ಕಿಯೊಂದಿಗೆ ಕುದಿಸಿದ ದೂಧ್‌ಪಾಕ್ ಮಾಡಿ ಅಗಾಸಿಗೆ, ಅಂದರೆ ತಾರಸಿಗೆ, ನಡೆದರು. ಪಿತೃಗಳಿಗೆಂದು ಕಾಗೆಗೆ ಉಣಿಸುವುದು ಇವರಲ್ಲೂ ಇದೆ, ಕಾಗ್‌ವಾಸ್ ಎನ್ನುತ್ತಾರೆ. ನಾವು ಎಡೆಯಿಟ್ಟು ದೂರದಲ್ಲಿ ಸುಮ್ಮನೆ ನಿಲ್ಲುತ್ತೇವೆ. ಇವರು ಅದೇ ಹೆಸರು ಕೂಗಿ ಕಾಗೆಯನ್ನು ಕರೆಯುತ್ತಾರೆ.

"ನಮ್ಮಲ್ಲಿ ಹೆಣ್ಣುಮಕ್ಕಳು ಇಡೋದಿಲ್ಲ, ಮಾಸಿ."

"ಇಲ್ಲಿ ಅವರಿಗೆ ಬೇರೆ ಯಾರಿದ್ದಾರೆ? ತೂ ಜ ಮೂಕ್, ಬೇಟಾ." ನೀನೇ ಇಡು ಮಗಳೇ, ಎಂದರು.

ಎಲೆ ಇಟ್ಟೆ. "ಕಾಗ್‌ವಾಸ್" ಎಂದದ್ದು ನನಗೇ ಕೇಳಿಸಲಿಲ್ಲ.

"ಇದು ಲೈಬ್ರರಿ ಅಲ್ಲ. ಜೋರಾಗಿ ಕರಿ!" ಎಂದಳು ಹೇತಲ್. ಮಾಸಿ ಅವಳ ತಲೆಗೆ ಮೆಲ್ಲಗೆ ತಟ್ಟಿದರು.

ನಾನು ಕಣ್ಣು ಮುಚ್ಚಿ ಜೋರಾಗಿ ಕರೆದೆ. ಅಪ್ಪ ಹೋದ ಮೇಲೆ ನಾನು ಅಷ್ಟು ಎತ್ತರದ ದನಿಯಲ್ಲಿ ಏನನ್ನೂ ಹೇಳಿರಲಿಲ್ಲ. ಕಣ್ಣು ತೆರೆಯುವಷ್ಟರಲ್ಲಿ ನೀರಿನ ಟ್ಯಾಂಕಿನಿಂದ ಕಾಗೆ ಇಳಿದಿತ್ತು. ದೂಧ್‌ಪಾಕ್ ಬಿಟ್ಟು ಮೊದಲು ಅನ್ನಕ್ಕೆ ಬಾಯಿ ಹಾಕಿತು. ನಾನು ಅಲ್ಲೇ ಬಿಸಿ ನೆಲದ ಮೇಲೆ ಕುಳಿತುಬಿಟ್ಟೆ.

ಸಂಜೆ ಅಮ್ಮ ಫೋನು ಮಾಡಿದಳು. ಹಿಂದೆ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದು.

"ಚಿಕ್ಕಪ್ಪ ಛತ್ರಿ ಹಿಡ್ಕಂಡು ಇಷ್ಟೊತ್ತೂ ನಿಂತಿದ್ರು. ಅನ್ನ ಎಲ್ಲ ನೀರಾಯ್ತು. ಒಂದು ಕಾಗೆನೂ ಬರ್ಲಿಲ್ಲ. ನಿನ್ನಪ್ಪಗೆ ಇನ್ನೇನು ಬೇಕಿತ್ತೋ."

"ಇಂಥ ಮಳೆಯಲ್ಲಿ ಕಾಗೆ ಎಲ್ಲಿ ಹೊರಡುತ್ತದಮ್ಮ?"

"ಅಲ್ಲೂ ಮಳೆಯಾ?"

"ಇಲ್ಲ. ಇಲ್ಲಿ ಬಿಸಿಲು."

ಅಪ್ಪ ಇಲ್ಲಿಗೆ ಬಂದು ಹೋದರು ಎಂದು ಬಾಯಿತನಕ ಬಂತು. ಹೇಳಿದ್ದರೆ ಅಲ್ಲಿ ಅಮ್ಮನ ಪಾಲಿಗೆ ಒದ್ದೆ ಎಲೆಯಷ್ಟೇ ಉಳಿಯುತ್ತಿತ್ತು. "ನಾಳೆ ಮಳೆ ಬಿಟ್ಟಾಗ ಇನ್ನೊಮ್ಮೆ ಇಡಿ," ಎಂದೆ. "ಜೋರಾಗಿ ಕರೀರಿ."