ಒಂದು ಗೇಣು ಖಣ

ಗಂಗವ್ವ, ನಿನ್ನ ಕುಬಸದ ಖಣವನ್ನು ಕತ್ತರಿಸಿ ಕದ್ದವಳು ನಾನು. ನಿನ್ನ ಅವ್ವ ಕಡಿಮೆ ಕಳಿಸಿರಲಿಲ್ಲ. ನಿನಗೆ ಓದು ಬಾರದೆಂದು ಗೊತ್ತಿದ್ದೇ ಇದನ್ನು ಬರೆಯಲು ಕೂತಿದ್ದೇನೆ — ನನ್ನ ಧೈರ್ಯದ ಅಳತೆ ಅಷ್ಟೇ.

ಆಗಲೂ ನಾವು ಮುಂಬಯಿಯ ಸಯನ್‌ನ ಇದೇ ಚಾಳಿನಲ್ಲಿ ಗೋಡೆಗೆ ಗೋಡೆ. ದಾದರಿನ ಒಂದು ಕಾರ್ಖಾನೆಯಿಂದ ಪಿಂಗಾಣಿ ಗೊಂಬೆಗಳನ್ನು ತಂದು ನಾನು ಬಟ್ಟೆ ತೊಡಿಸುತ್ತಿದ್ದೆ. ಒಂದೊಂದು ಸೀಮೆಯ ಮದುಮಗಳು ಒಂದೊಂದು ಗೊಂಬೆ — ವಿದೇಶದವರು ಕೂಡಿಟ್ಟು ಗಾಜಿನ ಕಪಾಟಿನಲ್ಲಿ ನಿಲ್ಲಿಸುತ್ತಾರಂತೆ. ನಮ್ಮ ಕಡೆಯ ಮದುಮಗಳಿಗೆ ಪೇಟೆಯ ಹೊಳೆಯುವ ಬಟ್ಟೆ ತೊಡಿಸಿದ್ದೆ. ಕಾರ್ಖಾನೆಯ ಶೇಠ್ ಗೊಂಬೆಯನ್ನು ಹಿಂದಕ್ಕೆ ತಳ್ಳಿ, "ಬಾಈ, ಯೇ ಅಸಲಿ ನಹೀ ಹೈ. ನಹೀ ಆತಾ ತೋ ದೂಸರೀ ಕೋ ದೂಂಗಾ" ಅಂದ — ಇದು ಅಸಲಿಯಲ್ಲ, ಬರದಿದ್ದರೆ ಕೆಲಸ ಬೇರೆಯವಳಿಗೆ ಕೊಡುತ್ತೇನೆ ಎಂದು.

ಅದೇ ವಾರ ನೀನು ಗುಳೇದಗುಡ್ಡದ ರವಿಕೆ ಖಣ ತಂದು ನನ್ನ ಮಡಿಲಿಗೆ ಹಾಕಿದೆ. ಏಳು ತಿಂಗಳ ಬಸುರಿ. ತವರಿನಿಂದ ಬಂದು ಸೀಮಂತದ ಕುಬಸ ತೊಡಿಸಬೇಕಾದ ಅವ್ವ ಹಾಸಿಗೆ ಹಿಡಿದಿದ್ದಳು; ತಮ್ಮದೇ ಮಗ್ಗದ ಖಣವನ್ನು ಯಾರದೋ ಕೈಯಲ್ಲಿ ಕಳಿಸಿದ್ದಳು. "ಅಕ್ಕಾರ, ನೀವ ಹೊಲೀರಿ. ನಿಮ್ಮ ಕೈ ಚಲೋ ಅದ."

ಬೀಗ ಬಿತ್ತೋ ಇಲ್ಲವೋ ಎಂದು ಮೂರು ಸಲ ಎಳೆದು ನೋಡಿ, ಸ್ಟೇಷನ್ನಿನಿಂದ ಮತ್ತೆ ತಿರುಗಿ ಬರುವವಳು ನಾನು. ಆ ದಿನ ಕತ್ತರಿ ಹಿಡಿದಾಗ ಮಾತ್ರ ಯಾವ ಅನುಮಾನವೂ ಬರಲಿಲ್ಲ. ಒಂದು ಗೇಣು — ಗೊಂಬೆಗೆ ಅಷ್ಟು ಸಾಕು, ಉಳಿದದ್ದು ನಿನಗೂ ಸಾಕಾದೀತು ಅಂದುಕೊಂಡೆ. ಗೊಂಬೆಗೆ ಸಾಕಾಯಿತು.

ನಿನ್ನ ಕುಬಸದ ಕಂಕುಳಿಗೆ ಬೇರೆ ಬಟ್ಟೆಯ ತುಂಡು ಜೋಡಿಸಿದೆ. ಆರತಿಯ ಹೊತ್ತಿಗೆ ನಿನ್ನ ಅತ್ತೆ ಆ ತೇಪೆ ಮುಟ್ಟಿ, "ನೇಯವ್ರ ಮನಿಯಾಕಿ, ಮಗಳ ಕುಬಸಕ್ಕೂ ಕೈ ಹಿಡದಾಳ ನೋಡ್ರಿ" ಅಂದಳು. ನೆರೆದವರು ನಕ್ಕರು. ನೀನು ನನ್ನ ಮುಖ ನೋಡಿದೆ. ನಾನು ಹೇಳಿದೆ — "ಖಣಾನ ಕಡಿಮಿ ಇತ್ತವ್ವಾ."

ನಿಮ್ಮ ಮನೆಯ ಕಾಗದ ಬರೆಯುವುದು, ಓದುವುದು ನನ್ನ ಪಾಲಿನ ಕೆಲಸ. "ಖಣ ಕಡಿಮಿ ಬಿತ್ತು, ಇನ್ನ ನನಗ ಏನೂ ಕಳಿಸಬ್ಯಾಡ" ಎಂದು ನೀನು ಹೇಳಿದ್ದನ್ನು ಮರುದಿನ ಅವ್ವನಿಗೆ ಬರೆದುಕೊಟ್ಟವಳೂ ನಾನೇ, ದುಂಡಗಿನ ಅಕ್ಷರದಲ್ಲಿ. ಉತ್ತರದ ಕಾರ್ಡು ಬಂತು. ಕ್ಷೇಮ ಓದಿದೆ, ಮೈ ಜ್ವಾಕಿ, ಜೋಪಾನ ಎಂದದ್ದನ್ನು ಓದಿದೆ. ನಡುವಿನ ಒಂದು ಸಾಲು — "ಖಣ ನಾನ ಅಳದು ಕಳಿಸೇನಿ ಮಗಳ, ಹೊಲದಾಕಿನ್ನ ಕೇಳು" — ಬಿಟ್ಟೆ.

"ಖಣದ್ದೇನೂ ಬರದಿಲ್ಲೇನ್ರಿ?" ಅಂತ ಕೇಳಿದೆ ನೀನು.

"ಇಲ್ಲ."

ಬಾಣಂತನಕ್ಕೂ ನೀನು ತವರಿಗೆ ಹೋಗಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಅವ್ವ —

ಕಾರ್ಡು ಇನ್ನೂ ನಿನ್ನ ಟ್ರಂಕಿನಲ್ಲಿದೆ. ಅಂದು ಹೊಟ್ಟೆಯಲ್ಲಿದ್ದ ಮಗಳು ಈಗ ಕನ್ನಡ ಶಾಲೆಗೆ ಹೋಗುತ್ತಾಳೆ, ಒತ್ತಕ್ಷರಕ್ಕೆ ಎಡವುತ್ತಾಳೆ. ಅವಳನ್ನು ತಿದ್ದಲು ನೀನು ಕಳಿಸುವುದು ನನ್ನ ಬಳಿಗೇ. ಅವಳು ಒಂದೊಂದು ಒತ್ತು ಕಲಿತಾಗಲೂ ಜಾಣೆ ಎನ್ನುತ್ತೇನೆ. ಇನ್ನೆಷ್ಟು ದಿನಕ್ಕೆ ಆ ಕಾರ್ಡನ್ನು ಓದಿಯಾಳು ಎಂದು ಲೆಕ್ಕ ಹಾಕುತ್ತೇನೆ. ಈ ಭಯ ಇಲ್ಲದಿದ್ದರೆ ಬಾಯಿ ಬಿಡುತ್ತಿದ್ದೆನೇ? ಹೌದು ಎನ್ನಲು ಪೆನ್ನು ಏಳುತ್ತಿಲ್ಲ.

ಆ ಗೊಂಬೆ ಯಾವ ದೇಶದ ಕಪಾಟಿನಲ್ಲಿದೆಯೋ — ನಿನ್ನ ಅವ್ವನ ಖಣ ತೊಟ್ಟು, ಎಲ್ಲಿಯೂ ತೇಪೆಯಿಲ್ಲದೆ. ಅದನ್ನು ತರಲಾರೆ. ನಾಳೆ ಮಧ್ಯಾಹ್ನ ನಾನೇ ನಿನ್ನ ಮನೆಗೆ ಬರುತ್ತೇನೆ. ಟ್ರಂಕು ತೆಗೆಸಿ ಕಾರ್ಡನ್ನು ಮೊದಲಿನಿಂದ ಓದುತ್ತೇನೆ, ಆ ಸಾಲನ್ನು ಎರಡು ಸಲ. ಆಮೇಲೆ ನೀನು ಕೇಳು. ಹೊಲಿದವಳು ಎದುರಿಗೇ ಕೂತಿರುತ್ತಾಳೆ.