ಹಲ್ಲುನೋವಿನ ಬೆಂಚು

ದೊಡ್ಡಬಳ್ಳಾಪುರದ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಗುಪ್ತರೋಗದವರಿಗೆ ಸಲಹೆ ಕೊಡೋದು ನನ್ನ ಕೆಲಸ. ನನ್ನ ಬಾಗಿಲ ಮುಂದೆ ಯಾರೂ ಕೂರಲ್ಲ. ಪಕ್ಕದ ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಕೆನ್ನೆ ಹಿಡಿದು ಕೂತಿದ್ದು, ಜನ ಕರಗಿದ ಮೇಲೆ ನನ್ನ ಕೋಣೆಗೆ ನುಸುಳ್ತಾರೆ. ತೂಬಗೆರೆಯ ರೈತನೊಬ್ಬ ಹಾಗೆ ಕೂತಿದ್ದಾಗ ಹಲ್ಲಿನ ಡಾಕ್ಟರು ಕರೆದೇಬಿಟ್ಟರು. ಇಲ್ಲ ಅನ್ನೋಕೆ ನಾಚಿಕೆ. ಹುಡುಕಿದರೆ ಹುಳುಕು ಸಿಗದ ಬಾಯಿ ಯಾವುದು? ದವಡೆ ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡೇ ನನ್ನ ಹತ್ರ ಬಂದ.

"ಹೆಂಡ್ತಿಗೂ ಔಷಧಿ ಆಗ್ಬೇಕು, ಕರ್ಕೊಂಡು ಬಾಪ್ಪ," ಅಂದೆ. ತಲೆಯಾಡಿಸಿ ಹೋದವನು ಮತ್ತೆ ಬರಲಿಲ್ಲ.

ರೋಗಿಗಳು ಹೊರಗೆ ಸಿಕ್ಕರೆ ನಾವಾಗಿ ಮಾತಾಡಿಸಬಾರದು ಅನ್ನೋದು ನಮ್ಮ ನಿಯಮ. ಅವರಂತೂ ಮಾತಾಡಿಸಲ್ಲ. ಅರ್ಧ ಊರಿನ ಗುಟ್ಟು ಗೊತ್ತಿದ್ದೂ ಬಸ್‌ಸ್ಟ್ಯಾಂಡಲ್ಲಿ ಒಬ್ಬಳೇ ಟೀ ಕುಡೀತೀನಿ.

ಮೊನ್ನೆ ಮದುವೆಯೊಂದರಲ್ಲಿ ಊಟಕ್ಕೆ ಕೂತರೆ ಎದುರು ಪಂಕ್ತಿಯಲ್ಲಿ ಅವನೇ. ನನ್ನ ಕಂಡದ್ದೇ ಕೈ ಕೆನ್ನೆಗೆ ಹೋಯಿತು.

"ಯಾರ್ರೀ ಅವ್ರು?" ಅಂದಳು ಪಕ್ಕದಲ್ಲಿದ್ದ ಹೆಂಡತಿ.

"ಹಲ್ಲಿನ ಡಾಕ್ಟ್ರಮ್ಮ ಕಣೇ."

ಆಕೆ ನಗುತ್ತಾ ನಮಸ್ಕಾರ ಮಾಡಿದಳು. ಇನ್ನೊಬ್ಬರಿಗೆ ಸೇರಬೇಕಾದ ನಮಸ್ಕಾರವಾದರೂ ಖುಷಿಯಿಂದಲೇ ಇಟ್ಟುಕೊಂಡೆ.

"ಸೋಮವಾರ ಇಬ್ರೂ ಬನ್ನಿ," ಅಂದೆ.

"ನನ್ ಹಲ್ಲು ಚೆನ್ನಾಗೇ ಐತಲ್ಲ ಡಾಕ್ಟ್ರೇ?"

ನಾನು ಅವನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಎಲೆ ನೋಡ್ತಾ ಕೂತ. ಆಕೆ ಅವನ ಮುಖವನ್ನೇ ನೋಡಿದಳು, ತನ್ನ ನಗು ಪೂರ್ತಿ ಇಳಿಯೋವರೆಗೂ.

ಸೋಮವಾರ ಹಲ್ಲಿನ ಡಾಕ್ಟರು ರಜೆ. ಆದರೂ ಅವರ ಬೆಂಚಿನ ಮೇಲೆ ಇಬ್ಬರೂ ಕೆನ್ನೆ ಹಿಡಿದು ಕೂತಿದ್ದರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.